ಒತ್ತಿದ್ದೆಲ್ಲ ಹಿಡಿಯುವ ಪ್ರೋಗ್ರಾಮು

ಕೊಲ್ಲಾಪುರ
೧೫ ಜೂನ್ ೨೦೨೫

ಅವ್ವಾ,

ಕೈಯಲ್ಲಿ ಫೋನು ಇಟ್ಟುಕೊಂಡು ಇವಳೇಕೆ ಕಾಗದ ಬರೆಯುತ್ತಾಳೆ ಎಂದು ನಗಬೇಡ. ನಿನ್ನ ಫೋನು ಅಪ್ಪ ತಂದದ್ದು, ನನ್ನದೂ ಅವರೇ ತಂದದ್ದು. ಆ ಮನೆಯ ಯಾವ ತಂತಿಯನ್ನೂ ನಾನು ಇನ್ನು ನಂಬುವುದಿಲ್ಲ. ಕಾಗದವೇ ಸರಿ, ಅದೂ ಕನ್ನಡದಲ್ಲಿ. ನೀನು ಗಡಹಿಂಗ್ಲಜದ ಕನ್ನಡ ಶಾಲೆಯಲ್ಲಿ ಓದಿದ್ದು, ನನಗೂ ಹಟ ಹಿಡಿದು ಅಕ್ಷರ ಕಲಿಸಿದ್ದು ಈಗ ಉಪಯೋಗಕ್ಕೆ ಬಂತು. ಮರಾಠಿ ಶಾಲೆಯಲ್ಲಿ ಓದಿದ ಅಪ್ಪನಿಗೆ ಇದು ದಕ್ಕುವುದಿಲ್ಲ.

ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿದೆ. ಆಡಿಟರ್ ಕಚೇರಿಯ ಕೆಲಸವೂ ಶುರುವಾಯಿತು. ನಮ್ಮ ನೇಮದಂತೆ ಸೂರ್ಯ ಮುಳುಗುವ ಮೊದಲು ಊಟ ಸಿಗುತ್ತದೆಯೇ ಎಂದು ನೀನು ಕೇಳುತ್ತೀ. ಸಿಗುವುದಿಲ್ಲ. ಹಣ್ಣು ತಿಂದು ಮಲಗುತ್ತೇನೆ.

ಅವತ್ತು ನೀನು ಬಸದಿಗೆ ಹೋಗಿದ್ದೆ. ಬಂದಾಗ ನಾನು ಬ್ಯಾಗು ತುಂಬುತ್ತಿದ್ದೆ, ಸಿಟ್ಟಿನಲ್ಲಿ ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ. ನೌಕರಿಯ ಆರ್ಡರ್ ಪ್ರಿಂಟ್ ಮಾಡಲು ಕಂಪ್ಯೂಟರ್ ಹಚ್ಚಿದೆ. ಹೊಸದಾಗಿ ಹಾಕಿಸಿದ ಆಂಟಿವೈರಸ್ಸು ಒಂದು ಕೆಂಪು ಚೌಕ ತೋರಿಸಿತು: ಇಲ್ಲಿ ನೀವು ಒತ್ತಿದ ಪ್ರತಿಯೊಂದು ಕೀಲಿಯನ್ನೂ ಹಿಡಿಯುವ ಅಪರಿಚಿತ ಪ್ರೋಗ್ರಾಮು ಓಡುತ್ತಿದೆ, ಎಚ್ಚರ. ಅಪ್ಪ ಯಡ್ರಾವದ ಮಗ್ಗದ ಶೆಡ್ಡಿನಿಂದ ಆಗಷ್ಟೇ ಬಂದು ಹಿಂದೆ ನಿಂತಿದ್ದರು. "ಅಪ್ಪಾ, ಯಾರ್ ಹಾಕ್ಯಾರ ಇದನ್ನ?" ಎಂದು ಗಟ್ಟಿಯಾಗಿ ಕೇಳಿದೆ. ಅವರ ಮುಖವೆಲ್ಲ ಕೆಂಪಾಯಿತು. "ಮುಟ್ಟಬ್ಯಾಡ ಅದನ್ನ, ಅದು ನಂದೈತಿ," ಎಂದವರೇ ಗೋಡೆಯ ಪ್ಲಗ್ಗನ್ನು ಕಿತ್ತುಬಿಟ್ಟರು. ನನಗೆ ಹೆಸರು ನೋಡಲೂ ಆಗಲಿಲ್ಲ. "ನನ್ನ ಬೆನ್ನ ಹಿಂದ ಕುಂತು ಎಷ್ಟು ದಿನದಿಂದ ಓದಾಕತ್ತೀರಿ?" ಎಂದೆ. ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಅದರ ಹಿಂದಿನ ವಾರವೇ ಊಟಕ್ಕೆ ಕುಳಿತಾಗ "ಕೊಲ್ಲಾಪುರದ ನೌಕರಿಗೆ ಯಾವಾಗ ಹಾಜರಾಗ್ತಿ?" ಎಂದಿದ್ದರಲ್ಲ? ಆ ಅರ್ಜಿಯ ವಿಷಯ ನಿನಗೂ ಹೇಳಿರಲಿಲ್ಲ. ಆ ಕಂಪ್ಯೂಟರಿಗೆ ಮಾತ್ರ ಗೊತ್ತಿತ್ತು.

ನೀನು ಒಂದು ಕೆಲಸ ಮಾಡು. ಅವರು ಶೆಡ್ಡಿಗೆ ಹೋದ ಮೇಲೆ ಕಂಪ್ಯೂಟರ್ ಹಚ್ಚಿ, ಇದರ ಜೊತೆಗಿಟ್ಟ ಚೀಟಿಯಲ್ಲಿ ಬರೆದಿರುವ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತು. ಒಳಗೆ ಓಡುತ್ತಿರುವ ಪ್ರೋಗ್ರಾಮುಗಳ ಹೆಸರುಗಳು ಬರುತ್ತವೆ. ನಿನಗೆ ತಿಳಿಯದ ಹೆಸರನ್ನೆಲ್ಲ ಬರೆದು ಕಳಿಸು. ಅದು ನಾನು ಅಂದುಕೊಂಡದ್ದೇ ಆಗಿದ್ದರೆ ಆ ಹೊಸ್ತಿಲನ್ನು ಮತ್ತೆ ತುಳಿಯುವುದಿಲ್ಲ.

ನಿನ್ನ
ಮನಾಲಿ


ಇಚಲಕರಂಜಿ
೨೪ ಜೂನ್ ೨೦೨೫

ಮನಾಲಿ,

ನಿನ್ನ ಕಾಗದ ಬಂದಾಗ ಪೋಸ್ಟಿನವನೇ ಬೆರಗಾದ. "ಕಾಕೂ, ಬ್ಯಾಂಕಿನದಲ್ಲದ ಪತ್ರ ನಿಮ್ಮ ಓಣಿಗೆ ಬಂದು ಎಷ್ಟ ವರ್ಷಾತು!" ಎಂದ. ಹಣ್ಣು ತಿಂದು ಮಲಗುತ್ತೀಯಂತೆ. ನೀನು ಹಾಗೆ ಬರೆದ ಮೇಲೆ ಇಲ್ಲಿ ನನ್ನ ಗಂಟಲಲ್ಲಿ ಅನ್ನ ಇಳಿಯಬೇಕಲ್ಲ, ಅದನ್ನು ಯೋಚಿಸಿದ್ದೀಯಾ?

ನಿನ್ನ ಮಾತಿನಂತೆ ಕಂಪ್ಯೂಟರ್ ಮುಂದೆ ಕುಳಿತೆ. ಅಬ್ಬಾ, ಒಳಗೆ ಏನು ಜಾತ್ರೆಯೇ! ನೂರು ಜನ ಓಡುತ್ತಿದ್ದಾರೆ. ಒಬ್ಬ ಸ್ಪೂಲರ್ ಅಂತೆ. ನಮ್ಮ ನೂಲಿನ ಲೆಕ್ಕದವನಿರಬೇಕು ಎಂದುಕೊಂಡೆ. ಇನ್ನೊಬ್ಬ ರನ್‌ಟೈಮ್ ಬ್ರೋಕರ್. ನೂಲಿನ ದಲಾಲ ಮನೆಯವರೆಗೆ ಬಂದು ಪೆಟ್ಟಿಗೆಯೊಳಗೂ ಕುಳಿತನೇ ಎಂದು ಸಿಟ್ಟು ಬಂತು. ಹೋಸ್ಟ್ ಎನ್ನುವವರು ಒಂದು ಡಜನ್ ಇದ್ದಾರೆ, ಇಷ್ಟು ಬೀಗರು ಯಾವ ಮನೆಗೂ ಬೇಡ. ಕೊನೆಗೆ ಕೆಎಲ್‌ಹುಕ್ ಎಂದು ಒಂದು. ಗೊತ್ತಾಗದ ಹೆಸರುಗಳನ್ನು ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ನೀನೇ ಆರಿಸಿ ನೋಡು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

ನಿನ್ನ ಅಪ್ಪನನ್ನು ನಾನು ಕೇಳಲಿಲ್ಲ. ಕೇಳಿದರೆ ಹೇಳುವ ಪೈಕಿಯೇ ಅವರು? ಪ್ಲಗ್ ಕಿತ್ತರು ಎಂದ ಮೇಲೆ ಇನ್ನೇನು ಉಳಿಯಿತು? ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನೀನು ಹೋದಾಗಿನಿಂದ ನಿನ್ನ ಕುರ್ಚಿಯನ್ನು ಒಂದು ಸಲ ನೋಡುತ್ತಾರೆ, ತಾಟನ್ನು ಒಂದು ಸಲ ನೋಡುತ್ತಾರೆ, ಎದ್ದು ಹೋಗುತ್ತಾರೆ. ನಿನ್ನ ಪತ್ರ ಫ್ರಿಜ್ಜಿನ ಮೇಲೆಯೇ ಇದೆ. ಬಚ್ಚಿಡುವುದೇಕೆ? ಕನ್ನಡ ಅಕ್ಷರ ಎಂದರೆ ಅವರಿಗೆ ಜಿಲೇಬಿ ಇದ್ದ ಹಾಗೆ. ಇದನ್ನೂ ಅವರ ಕೈಯಲ್ಲೇ ಕೊಟ್ಟು ಪೋಸ್ಟಿಗೆ ಹಾಕಿಸುತ್ತೇನೆ. ಸಕ್ಕರೆ ಹೊತ್ತ ಎತ್ತಿಗೆ ಸಕ್ಕರೆಯ ರುಚಿ ಗೊತ್ತೇ?

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ
ಅಲಕಾ


ಕೊಲ್ಲಾಪುರ
೪ ಜುಲೈ ೨೦೨೫

ಅವ್ವಾ,

ಕಲ್ಲು ಸಿಕ್ಕಿತು.

ಸ್ಪೂಲರ್ ಪ್ರಿಂಟರಿನದು. ದಲಾಲ, ಬೀಗರು ಎಲ್ಲ ಕಂಪ್ಯೂಟರಿನ ಮನೆಯವರೇ, ಬಿಡು. ಕೆಎಲ್‌ಹುಕ್ ಮಾತ್ರ ಯಾರ ಪೈಕಿಯೂ ಅಲ್ಲ. ಹುಕ್ ಎಂದರೆ ಗಾಳ. ನೀನು ಯಾವ ಕೀಲಿ ಒತ್ತಿದರೂ ಅದು ಪರದೆಗೆ ಹೋಗುವ ಮೊದಲೇ ಈ ಗಾಳಕ್ಕೆ ಬೀಳುತ್ತದೆ. ಇಂಥದೇ ಹೆಸರಿನ ಪ್ರೋಗ್ರಾಮುಗಳನ್ನು ಗಂಡಂದಿರು ಹೆಂಡತಿಯರ ಮೇಲೆ, ಸಾಹೇಬರು ನೌಕರರ ಮೇಲೆ ಬಿಡುತ್ತಾರಂತೆ. ನಮ್ಮ ಮನೆಯಲ್ಲಿ ಅಪ್ಪ ಮಗಳ ಮೇಲೆ ಬಿಟ್ಟರು.

ಮೂರು ದಿನದಿಂದ ನಾನು ಆ ಕಂಪ್ಯೂಟರಿನಲ್ಲಿ ಏನೇನು ಬರೆದಿದ್ದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ. ಗೆಳತಿಯರಿಗೆ ಬರೆದದ್ದು, ಡಾಕ್ಟರರಿಗೆ ಕೇಳಿದ್ದು, ಯಾರಿಗೂ ಕಳಿಸದೆ ಸುಮ್ಮನೆ ಬರೆದು ಅಳಿಸಿದ್ದು. ಅಳಿಸಿದ್ದನ್ನೂ ಅದು ಬಿಡುವುದಿಲ್ಲ. ಮೈಮೇಲೆ ಬಟ್ಟೆಯಿಲ್ಲದೆ ಓಣಿಯಲ್ಲಿ ನಿಂತಂತಾಗಿದೆ. ಯಾರೋ ಪರಕೀಯ ಓದಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಅಪ್ಪ ಓದಿದರೆ ಯಾರಿಗೆ ಹೇಳಲಿ?

ಆ ಮನುಷ್ಯನನ್ನು ಇನ್ನು ಅಪ್ಪ ಎನ್ನುವುದಕ್ಕೆ ಬಾಯಿ ಬರುವುದಿಲ್ಲ. ನನಗೆ ತಂದೆ ಇಲ್ಲವೆಂದು ಹಾಸ್ಟೆಲ್ಲಿನಲ್ಲಿ ಹೇಳಿಬಿಟ್ಟಿದ್ದೇನೆ. ಹೇಳುವಾಗ ದುಃಖವೂ ಆಗಲಿಲ್ಲ. ಚಿಕ್ಕವಳಿದ್ದಾಗ ಅವರ ಬೆರಳು ಹಿಡಿದು ಶೆಡ್ಡಿಗೆ ಹೋಗುತ್ತಿದ್ದೆನಲ್ಲ, ಈಗ ಆ ಬೆರಳು ನೆನಪಾದರೆ ಹೇಸಿಗೆಯಾಗುತ್ತದೆ.

ಇನ್ನೊಂದು ನೋಡಬೇಕು. ಆ ಹೆಸರಿನ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತು. ಅದು ಯಾವ ಜಾಗದಲ್ಲಿದೆ, ಯಾರು ತಯಾರಿಸಿದ್ದು, ಯಾವಾಗ ಬಂದದ್ದು ಎಂದು ತೋರಿಸುತ್ತದೆ. ಅದನ್ನೂ ಬರೆದು ಕಳಿಸು. ನನಗೆ ಪೂರಾ ತಿಳಿಯಬೇಕು.

ಮನಾಲಿ


ಇಚಲಕರಂಜಿ
೨೦ ಜುಲೈ ೨೦೨೫

ಮನಾಲಿ,

ಈ ಕಾಗದ ಬರೆಯಲು ನನಗೆ ವಾರವೇ ಬೇಕಾಯಿತು. ಎರಡು ಸಾಲು ಬರೆಯುವುದು, ಕಣ್ಣು ತುಂಬುವುದು, ಹಾಳೆಯನ್ನು ಊಟದ ಮೇಜಿನ ಮೇಲೆ ಬಿಟ್ಟು ಏಳುವುದು, ಹೀಗೇ ನಡೆಯಿತು.

ನನಗೆ ಈ ಮನುಷ್ಯ ಹೊಸಬನಲ್ಲ. ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಮಗ್ಗದ ಎಳೆ ಒಂದು ಕಡಿದರೆ ಓಡಿ ಹೋಗಿ ಗಂಟು ಹಾಕುತ್ತಾರೆ. ಮನೆಯಲ್ಲಿ ಮನುಷ್ಯರು ಕಡಿದು ಬಿದ್ದರೆ ತಲೆ ಎತ್ತುವುದಿಲ್ಲ. ಪ್ರೀತಿ ಮಾಡಲು ಬರಲಿಲ್ಲ, ಹೋಗಲಿ ಎಂದು ನುಂಗಿಕೊಂಡೆ. ಮಗಳ ಮೇಲೆ ಕಳ್ಳಗಣ್ಣು ಇಡಲು ಮಾತ್ರ ಬಂತು! ಇಂಥವರ ತಾಟಿಗೆ ದಿನಾ ಬಿಸಿ ರೊಟ್ಟಿ ಹಾಕುತ್ತೇನಲ್ಲ ಎಂದು ನನ್ನ ಕೈಗೇ ನಾನು ಬೈದುಕೊಳ್ಳುತ್ತೇನೆ. ನೀನು ತಂದೆ ಇಲ್ಲ ಎಂದದ್ದು ತಪ್ಪಲ್ಲ. ಇದ್ದೂ ಇಲ್ಲದ ಹಾಗೆಯೇ ಇದ್ದರು ಎಂದು ನಾನೂ ಹೇಳುತ್ತೇನೆ.

ನೀನು ಹೇಳಿದಂತೆ ಬಲಗಡೆಯ ಗುಂಡಿ ಒತ್ತೋಣವೆಂದು ಕುಳಿತರೆ ಆ ಕೆಎಲ್‌ಹುಕ್ ಹೆಸರೇ ಇಲ್ಲ. ಹೋದ ತಿಂಗಳು ಇದ್ದದ್ದು ಈಗ ಮಾಯ. ಸಿಕ್ಕಿಬೀಳುತ್ತೇನೆಂದು ತೆಗೆದಿರಬೇಕು. ಆದರೆ ಹುಡುಕಿದಾಗ ಒಂದು ಖಾಲಿ ಫೋಲ್ಡರು ಉಳಿದಿತ್ತು. ಅದರ ಮೇಲಿನ ಉದ್ದ ಹೆಸರನ್ನು ಬರೆದುಕೊಂಡು ಗಡಹಿಂಗ್ಲಜಕ್ಕೆ ಅಭಿಜಿತ ಮಾಮಾನಿಗೆ ಕಳಿಸಿದ್ದೇನೆ. ನನ್ನ ತಮ್ಮ ಶಾಲೆಯಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಾನೆ, ಇಷ್ಟು ಹೇಳಲಾರನೇ?

ನಿನ್ನ ಅಪ್ಪನದು ಇನ್ನೊಂದು ಹೊಸ ನಖರಾ. ಹತ್ತು ದಿನದಿಂದ ಮನೆಯಲ್ಲಿ ಮರಾಠಿ ಮಾತಾಡುತ್ತಿದ್ದಾರೆ. ಶೆಡ್ಡಿನಲ್ಲಿ, ಪೇಟೆಯಲ್ಲಿ ಮರಾಠಿ ಇದ್ದದ್ದೇ. ಹೊಸ್ತಿಲ ಒಳಗೆ ನಮ್ಮದು ಕನ್ನಡವೇ ಅಲ್ಲವೇ, ಅವರ ಅವ್ವನ ಕಾಲದಿಂದ? ಈಗ ನೀರು ಬೇಕಾದರೂ ಮರಾಠಿ, ಊಟ ಆಯಿತು ಎನ್ನಲೂ ಮರಾಠಿ, ಅದೂ ಮೆತ್ತಗೆ, ನೂಲಿನ ವ್ಯಾಪಾರಿಯೊಡನೆ ಮಾತಾಡಿದ ಹಾಗೆ. ಮಾಡಲಿ. ನನಗೇನು?

ಇದನ್ನೂ ಅವರೇ ಪೋಸ್ಟಿಗೆ ಹಾಕುತ್ತಾರೆ. ಲಕೋಟೆಗೆ ಅಂಟು ತೀರಿದೆ, ಅಂಟಿಸಿ ಹಾಕಿರಿ ಎಂದು ಹೇಳಿದ್ದೇನೆ.

ನಿನ್ನ ಅವ್ವ


ಗಡಹಿಂಗ್ಲಜ
೨ ಆಗಸ್ಟ್ ೨೦೨೫

ಅಕ್ಕಾ,

ನಿನ್ನ ಕಾಗದ ಬಂತು. ಫೋನಿನಲ್ಲಿ ಹೇಳುವ ಧೈರ್ಯ ಸಾಲದೆ ಬರೆಯುತ್ತಿದ್ದೇನೆ.

ಆ ಪ್ರೋಗ್ರಾಮನ್ನು ಹುಡುಕುವ ಕೆಲಸವೇ ಇಲ್ಲ. ನಿನ್ನ ಯಜಮಾನರಿಗೆ, ನಮ್ಮ ದಾಜಿಗೆ, ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟವನು ನಾನೇ. ಅದು ಕನ್ನಡ ಟೈಪ್ ಮಾಡುವ ಪ್ರೋಗ್ರಾಮು. ನಮ್ಮ ಶಾಲೆಯ ಎಲ್ಲ ಕಂಪ್ಯೂಟರಿನಲ್ಲೂ ಇದೆ. ಇಂಗ್ಲಿಷ್ ಕೀಲಿ ಒತ್ತಿದರೆ ಅದನ್ನು ಹಿಡಿದು ಕನ್ನಡ ಅಕ್ಷರ ಮಾಡಿ ಪರದೆಗೆ ಬಿಡುತ್ತದೆ. ಒತ್ತಿದ್ದೆಲ್ಲ ಹಿಡಿಯದಿದ್ದರೆ ಅದು ಅಕ್ಷರ ಹೇಗೆ ಮಾಡಬೇಕು? ಕೆಲವು ಆಂಟಿವೈರಸ್ಸುಗಳು ಅದಕ್ಕೇ ಕಳ್ಳನೆಂದು ಕೂಗುತ್ತವೆ. ನಾವು ಸುಮ್ಮನಾಗಿಸುತ್ತೇವೆ. ದಾಜಿಗೆ ಅದನ್ನು ಹೇಳಿಕೊಡುವುದು ನನ್ನ ತಲೆಗೆ ಹೊಳೆಯಲಿಲ್ಲ.

ಜನವರಿಯಲ್ಲಿ ಮಹಾಗಾಂವದ ವಾಸ್ತುಶಾಂತಿಗೆ ನೀವು ಬಂದಿದ್ದಿರಲ್ಲ, ಅವತ್ತು ದಾಜಿ ನನ್ನನ್ನು ಗಿಡದ ಕೆಳಗೆ ಕರೆದುಕೊಂಡು ಹೋದರು. "ಅಭಿಜಿತ, ನನ್ನ ವಯಸ್ಸಿನಾವಗ ಕನ್ನಡ ಓದಾಕ ಕಲಿಯಾಕ ಏನರ ಹಾದಿ ಐತೇನು?" ಎಂದರು.

"ಈಗ್ಯಾಕ್ರಿ ದಾಜಿ?" ಎಂದೆ.

"ಮನ್ಯಾಗ ತಾಯಿ ಮಗಳು ಫ್ರಿಜ್ಜಿಗೆ ಚೀಟಿ ಹಚ್ಚತಾರ. ನಾ ಮುಂದಿಂದ ಹಾದು ಹೋಗ್ತೀನಿ, ಏನೂ ತಿಳಿಯೂದಿಲ್ಲ. ಹೋಗ್ಲಿ ಅದು. ನಾಳೆ ಮನಾಲಿ ಲಗ್ನಾಗಿ ಹೋಗ್ತಾಳ. ಮಗ್ಗದ ಸದ್ದಿನಾಗ ನನ್ನ ಕಿವಿ ಹೊಂಟಾವ, ಫೋನ್ನಾಗ ಅಕಿ ಮಾತು ಅರ್ಧ ಕೇಳತೈತಿ, ಅರ್ಧ ಇಲ್ಲ. ಅಕಿ ಅವ್ವಗ ಕಾಗದ ಬರದ್ರ ನಾನೂ ಓದಬೇಕಲ್ಲೋ."

ಹೇಳಬೇಡ, ಇಬ್ಬರೂ ನಗುತ್ತಾರೆ ಎಂದು ಆಣೆ ಹಾಕಿಸಿಕೊಂಡರು. ಬಾಯಲ್ಲಿ ಕನ್ನಡ ಇದ್ದೇ ಇತ್ತು, ಇಂಗ್ಲಿಷ್ ಕೀಲಿ ಗೊತ್ತಿತ್ತು. ಕೆ ಒತ್ತಿ, ಎ ಒತ್ತಿ, ಪರದೆಯ ಮೇಲೆ ಮೂಡಿದ ಕ ನೋಡಿ ನೋಡಿಯೇ ಕಲಿತರು. ಮೇ ತಿಂಗಳಿನಲ್ಲಿ ಫೋನ್ ಮಾಡಿ ಹುಡುಗನ ಹಾಗೆ ಕೂಗಿದರು: "ಇವತ್ತ ಇಡೀ ಚೀಟಿ ಓದಿನ್ಯೋ! 'ಮುದುಕ ಗರಂ ಅದಾನ, ಇವತ್ತ ಏನೂ ಕೇಳಬ್ಯಾಡ' ಅಂತ ನಿಮ್ಮಕ್ಕ ಬರದಾಳ!" ಎಷ್ಟು ನಕ್ಕರು ಎಂದರೆ ನನಗೂ ನಗು ತಡೆಯಲಾಗಲಿಲ್ಲ.

ಜುಲೈಯಲ್ಲಿ ನಾನೇ ಫೋನ್ ಮಾಡಿ, "ಪಾಠ ಎಲ್ಲಿಗೆ ಬಂತ್ರಿ?" ಎಂದೆ. "ಮುಗೀತು," ಎಂದರು. ಕಲಿತು ಮುಗಿಸಿದರು ಎಂದುಕೊಂಡು ನಾನು ಶಾಬಾಸ್ ಎಂದೆ.

ಅಕ್ಕಾ, ಮನಾಲಿಯ ಕಾಗದಗಳನ್ನು ಎಲ್ಲಿ ಇಡುತ್ತೀ?

ನಿನ್ನ ತಮ್ಮ
ಅಭಿಜಿತ


ಇಚಲಕರಂಜಿ
೮ ಆಗಸ್ಟ್ ೨೦೨೫

ಮನಾಲಿ,

ಮಾಮಾನ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಮೊದಲು ಅದನ್ನು ಓದು. ಕುಳಿತುಕೊಂಡು ಓದು.

ಓದಿದೆಯಾ?

ನಿನ್ನ ಕಾಗದಗಳು ಫ್ರಿಜ್ಜಿನ ಮೇಲಿದ್ದವು. ನನ್ನ ಹಾಳೆ ಇಡೀ ವಾರ ಮೇಜಿನ ಮೇಲಿತ್ತು, ಅವರು ಅದರ ಪಕ್ಕದಲ್ಲೇ ತಾಟು ಇಟ್ಟುಕೊಂಡು ಉಂಡರು. ಬಿಸಿ ರೊಟ್ಟಿ ಹಾಕುವ ಕೈಗೆ ಬೈದುಕೊಳ್ಳುತ್ತೇನೆ ಎಂದು ಬರೆದಿದ್ದೆನಲ್ಲ, ಅದೇ ಕೈಯಿಂದ ರೊಟ್ಟಿ ಹಾಕಿಸಿಕೊಂಡರು. ಆಮೇಲೆ ಆ ಹಾಳೆಯನ್ನು ಲಕೋಟೆಗೆ ಹಾಕಿ, ಅಂಟಿಸಿ, ಪೋಸ್ಟಿಗೆ ಹಾಕಿ ಬಂದರು. ಒಂದನ್ನೂ ಹರಿಯಲಿಲ್ಲ ಮಗಳೇ. ಒಂದನ್ನೂ ತಡ ಮಾಡಲಿಲ್ಲ.

ಮಾಮಾನ ಕಾಗದ ಬಂದ ದಿನ ಸಂಜೆ ಧೈರ್ಯ ಮಾಡಿ ಅವರ ಎದುರಿಗೆ ನಿಂತೆ. "ರೀ, ನಿಮಗ ಕನ್ನಡ ಓದಾಕ ಬರತೈತೇನ್ರಿ?" ಎಂದೆ. ಪೇಪರಿನಿಂದ ತಲೆ ಎತ್ತಿದರು. "ನಾಹೀ," ಎಂದರು. ಅಷ್ಟೇ. ಮತ್ತೆ ಪೇಪರು ಓದಿದರು. ನಾನು ಅತ್ತೆ, ಬೈದೆ, ಅಭಿಜಿತ ಎಲ್ಲ ಹೇಳಿದ್ದಾನೆ ಎಂದೆ. ಕಾಲು ಹಿಡಿಯಲು ಹೋದರೆ ಹಿಂದೆ ಸರಿದು, ಬೇರೆಯವರ ಹೆಂಗಸನ್ನು ತಡೆದ ಹಾಗೆ ಕೈ ಅಡ್ಡ ಹಿಡಿದರು.

ಜಗಳ ಮಾಡುವ ಗಂಡನನ್ನು ನಾನು ಸಂಭಾಳಿಸಬಲ್ಲೆ. ಇದನ್ನು ಹೇಗೆ ಸಂಭಾಳಿಸಲಿ? ನೀನಾದರೂ ಏನಾದರೂ ಮಾಡು.

ಅವ್ವ


ಕೊಲ್ಲಾಪುರ
೧೭ ಆಗಸ್ಟ್ ೨೦೨೫

ಅವ್ವಾ,

ಕಚೇರಿಗೆ ಹೋಗಿಲ್ಲ. ನೌಕರಿಯ ಸುದ್ದಿ ಅಪ್ಪನಿಗೆ ಎಲ್ಲಿಂದ ತಿಳಿಯಿತು ಎಂದು ಯೋಚಿಸಿ, ಹಾಸ್ಟೆಲ್ಲಿನ ಮೇಡಮ್ಮನ ಬಳಿ ಹೋಗಿ, ಜೂನ್ ತಿಂಗಳಿನಲ್ಲಿ ನಮ್ಮ ಮನೆಗೆ ಫೋನ್ ಮಾಡಿದ್ದಿರಾ ಎಂದು ಕೇಳಿದೆ. ಹೌದಂತೆ. ಪಾಲಕರ ಒಪ್ಪಿಗೆ ಬೇಕೆಂದು ಅರ್ಜಿಯಲ್ಲಿ ನಾನೇ ಬರೆದ ನಂಬರಿಗೆ ಮಾಡಿದ್ದರಂತೆ. "ನಿಮ್ಮ ತಂದಿಯವರು ಭಾಳ ಖುಷಿ ಆದ್ರು, ನೌಕರಿ ಸಿಕ್ತ ಅಂತ ನನಗ ಧನ್ಯವಾದ ಹೇಳಿದ್ರು," ಎಂದಳು. ಆಮೇಲೆ, "ತಂದಿ ಇಲ್ಲ ಅಂದಿದ್ಯಲ್ಲ ನೀನು?" ಎಂದು ನನ್ನ ಮುಖ ನೋಡಿದಳು.

ಅಪ್ಪ ನನ್ನದೇನನ್ನೂ ಕದ್ದು ಓದಿರಲಿಲ್ಲ ಅವ್ವಾ. ಅವರು ಮೊಟ್ಟಮೊದಲು ಓದಿದ ನನ್ನ ಕಾಗದಗಳೆಂದರೆ ಇವೇ. ಆ ಬೆರಳಿನ ಮಾತು ನಾನು ಯಾಕೆ ಬರೆದೆ?

ಬಸ್ಸು ಹತ್ತಿ ಬರಬೇಕೆಂದು ಎರಡು ಸಲ ಸ್ಟ್ಯಾಂಡಿಗೆ ಹೋದೆ. ಇಚಲಕರಂಜಿಯ ಬಸ್ಸು ಮುಂದೆಯೇ ನಿಂತಿತ್ತು. ಹತ್ತಲಾಗಲಿಲ್ಲ. ಅವರಿಗೊಂದು ಕಾಗದ ಬರೆದು ಇದರಲ್ಲಿ ಇಟ್ಟಿದ್ದೇನೆ. ಅವರು ಕಲಿತದ್ದು ಇದಕ್ಕಾಗಿಯಲ್ಲವೇ, ಅದಕ್ಕೆ ಕನ್ನಡದಲ್ಲೇ ಬರೆದೆ. ಕ್ಷಮಾವಾಣಿಯ ದಿನ ಕೊಡು. ಅವತ್ತು ಬಸದಿಯಿಂದ ಬಂದವರು ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಅವರೇ ಹೇಳುತ್ತಿದ್ದರು. ಅವರು ಒಂದು ಸಾಲು ಬರೆದರೂ ಸಾಕು, ಅವತ್ತೇ ಬರುತ್ತೇನೆ.

ಮನಾಲಿ

*

ಅಪ್ಪಾ,

ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ನಿಮಗೆ ತ್ರಾಸಾಗಬಾರದೆಂದು. ನಾನು ನಿಮ್ಮನ್ನು ಕಳ್ಳ ಎಂದೆ. ಕೇಳಿ ತಿಳಿಯುವಷ್ಟು ಪುರುಸೊತ್ತೂ ಮಾಡಿಕೊಳ್ಳಲಿಲ್ಲ. ಆಮೇಲೆ ಬರೆದದ್ದನ್ನು ನೀವು ಓದಿದ್ದೀರಿ. ಅದನ್ನು ನಾನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ, ಆದರೆ ಅದರಲ್ಲಿ ಒಂದು ಮಾತೂ ನಿಜವಲ್ಲ. ನನಗೆ ಅಪ್ಪ ಇದ್ದಾರೆ. ನನಗೆ ಬೈದು ನಾಲ್ಕು ಸಾಲು ಬರೆಯಿರಿ. ನಿಮ್ಮ ಕನ್ನಡ ಅಕ್ಷರ ಹೇಗಿದೆ ಎಂದು ನಾನು ನೋಡೇ ಇಲ್ಲ.

ನಿಮ್ಮ ಮನಾಲಿ


ಇಚಲಕರಂಜಿ
೧೦ ಸೆಪ್ಟೆಂಬರ್ ೨೦೨೫

ಮನಾಲಿ,

ಒಳ್ಳೆಯ ಸುದ್ದಿ ಬರೆಯುವ ಆಸೆಯಿಂದ ಇಷ್ಟು ದಿನ ಕಾದೆ.

ಈ ಸಲ ದಶಲಕ್ಷಣ ಪರ್ವದಲ್ಲಿ ಅವರು ಹತ್ತು ದಿನವೂ ಒಂದೇ ಹೊತ್ತು ಉಂಡರು. ಕ್ಷಮಾವಾಣಿಯ ದಿನ ಬಸದಿಯಿಂದ ಬಂದವರು ಶೆಡ್ಡಿನ ರಾಮಲಿಂಗನಿಗೆ ಕೈಮುಗಿದರು, ಪಕ್ಕದ ಮನೆಯವರಿಗೆ ಮುಗಿದರು, ಅಡುಗೆಮನೆಯ ಬಾಗಿಲಿಗೆ ಬಂದು ನನಗೂ ಮುಗಿದರು. "ಉತ್ತಮ ಕ್ಷಮಾ," ಎಂದರು. ನಾನೂ ಹಿಟ್ಟಿನ ಕೈಯಲ್ಲೇ ಮುಗಿದೆ. ಎಲ್ಲರಿಗೆ ಹೇಗೆ ಅಂದರೋ ನನಗೂ ಹಾಗೇ ಅಂದರು ಮನಾಲಿ. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಡಿಮೆಯಿಲ್ಲ. ಕ್ಷಮೆ ಕೊಟ್ಟು ಮುಗಿಸಿದರು. ಇನ್ನು ಕ್ಷಮಿಸಿರಿ ಎಂದು ನಾನು ಯಾವ ಬಾಯಿಂದ ಕೇಳಲಿ?

ಆಗ ನಿನ್ನ ಕಾಗದ ಕೊಟ್ಟೆ. "ಮನಾಲಿ ನಿಮಗ ಬರದಾಳ್ರಿ," ಎಂದೆ. ಚಷ್ಮಾ ಹಾಕಿಕೊಂಡು ಕಿಟಕಿಯ ಬಳಿ ಹೋದರು. ಕಣ್ಣು ಮೊದಲ ಸಾಲಿನ ಮೇಲೆ ಹೋಯಿತು, ಎರಡನೆಯದಕ್ಕೆ ಇಳಿಯಿತು, ಕೆಳಗೆ ನಿನ್ನ ಹೆಸರಿನವರೆಗೂ ಹೋಯಿತು. ಓದಿದರು. ನಾನು ನೋಡುತ್ತ ನಿಂತಿದ್ದೆ, ಓದಿದರು. ಆಮೇಲೆ ಮಡಿಕೆ ಸರಿಯಾಗಿ ಮಡಚಿ ನನ್ನ ಕೈಗೆ ವಾಪಸು ಕೊಟ್ಟರು.

"ಮಲಾ ಹೇ ವಾಚತಾ ಯೇತ ನಾಹೀ," ಎಂದರು. ತನಗೆ ಇದು ಓದಲು ಬರುವುದಿಲ್ಲವಂತೆ.

ಹಾಗಾದರೆ ನಾನೇ ಓದಿ ಹೇಳುತ್ತೇನೆ ಎಂದು ಗಟ್ಟಿಯಾಗಿ, ಅವರ ಕಿವಿಗೆ ಕೇಳುವ ಹಾಗೆ, ಕೊನೆಯವರೆಗೂ ಓದಿದೆ. ನಡುವೆ ನನ್ನ ದನಿ ಎರಡು ಸಲ ಒಡೆಯಿತು. ಅವರು ಯಾರದೋ ಮನೆಯ ಸುದ್ದಿ ಕೇಳಿದಂತೆ ತಲೆ ಬಗ್ಗಿಸಿ ಕೇಳಿದರು. ಮುಗಿದ ಮೇಲೆ, ನಿಮ್ಮ ಮಗಳು ಚೆನ್ನಾಗಿ ಬರೆಯುತ್ತಾಳೆ ಎಂದು ಮರಾಠಿಯಲ್ಲಿ ಹೇಳಿ ಯಡ್ರಾವಕ್ಕೆ ಹೋದರು.

ಅವ್ವ